ವಾಸನೆ ಹೋಯ್ತು

ಅಗ್ನಿಶಾಮಕ ಠಾಣೆಗೆ ಹೊಸದಾಗಿ ಸೇರಿದವರು ಮೂಗಣ್ಣನನ್ನು ಮೊದಲ ಸಲ ಕಂಡಾಗ ಅವನ ಮೂಗನ್ನೇ ದಿಟ್ಟಿಸುತ್ತಾರೆ. ಅಲ್ಲಿ ಅವರಿಗೆ ಏನೂ ಸಿಗುವುದಿಲ್ಲ. ಗಾತ್ರದಲ್ಲಾಗಲಿ ಆಕಾರದಲ್ಲಾಗಲಿ ಯಾವ ಹೆಚ್ಚುಗಾರಿಕೆಯೂ ಇಲ್ಲದೆ, ಮುಖದ ನಡುವೆ ತನ್ನ ಪಾಡಿಗೆ ತಾನು ಕೂತಿರುವ ಸಾಧಾರಣ ಮೂಗು ಅದು. ಈ ಹೆಸರು ಯಾಕೆ ಬಂತೆಂದು ಯಾರಾದರೂ ಕೇಳಿದರೆ ಹಳೆಯ ಡ್ರೈವರ್, "ಒಂದು ಕಾಲದಲ್ಲಿ ಇತ್ತಪ್ಪ. ಈಗ ಹೆಸರು ಮಾತ್ರ ಉಳ್ಕೊಂಡಿದೆ" ಎಂದು ಹೇಳಿ, ಒರೆಸಿದ ಗಾಡಿಯನ್ನೇ ಮತ್ತೆ ಒರೆಸುವುದಕ್ಕೆ ಹೊರಟುಹೋಗುತ್ತಾನೆ.

ಆ ಒಂದು ಕಾಲದಲ್ಲಿ ಊರಿನ ಅರ್ಧ ಜನಕ್ಕೆ ಆ ಮೂಗಿನ ಸುದ್ದಿ ಗೊತ್ತಿತ್ತು. ವಸತಿ ಕಟ್ಟಡವೊಂದರಲ್ಲಿ ಸುಟ್ಟ ವಾಸನೆ ಬರುತ್ತಿದೆ, ಎಲ್ಲಿಂದ ಎಂದು ತಿಳಿಯುತ್ತಿಲ್ಲ ಎಂದು ಕರೆ ಬಂದಿತ್ತು. ಉಳಿದವರು ಕರೆಂಟಿನ ಪೆಟ್ಟಿಗೆಗಳನ್ನು ಬಿಚ್ಚಲು ಓಡಿದರೆ ಮೂಗಣ್ಣ ಮೆಟ್ಟಿಲ ತಿರುವಿನಲ್ಲಿ ಕಣ್ಣು ಮುಚ್ಚಿ ನಿಂತು, "ವೈರ್ ಅಲ್ಲ ಇದು, ಉಣ್ಣೆ. ಯಾರೋ ಇಸ್ತ್ರಿಪೆಟ್ಟಿಗೆ ಮರೆತು ಹೊರಗೆ ಹೋಗಿದಾರೆ" ಎಂದ. ಬೀಗ ಒಡೆದು ನೋಡಿದರೆ ಇಸ್ತ್ರಿಪೆಟ್ಟಿಗೆ. ಅದರ ಕೆಳಗೆ ಕರಕಲಾದ ಸ್ವೆಟರ್. ಮತ್ತೊಮ್ಮೆ, ಬಣ್ಣದ ಗೋದಾಮಿನ ಬಾಗಿಲು ಒದೆಯಲು ಕಾಲೆತ್ತಿದ್ದ ಜೊತೆಗಾರರನ್ನು ಕಾಲರ್ ಹಿಡಿದು ಹಿಂದಕ್ಕೆಳೆದಿದ್ದ. ಬಾಗಿಲ ಸಂದಿಯಿಂದ ಥಿನ್ನರಿನ ವಾಸನೆ ತೆಳ್ಳಗೆ, ಸಿಹಿಯಾಗಿ ಹೊರಬರುತ್ತಿತ್ತು. ಅವರೆಲ್ಲ ಎದುರಿನ ಕಾಲುದಾರಿ ಸೇರುವಷ್ಟರಲ್ಲಿ ಗೋದಾಮಿನ ಷಟರ್ ರಸ್ತೆಗೆ ಹಾರಿಬಿತ್ತು. ಅಂದಿನಿಂದ ಆ ತಂಡದವರು ತಮ್ಮ ಜೀವವನ್ನು ಆ ಮೂಗಿನ ಸುಪರ್ದಿಗೆ ಒಪ್ಪಿಸಿಬಿಟ್ಟರು. ಅದನ್ನು ಕುರುಡು ನಂಬಿಕೆ ಎನ್ನುವಂತಿಲ್ಲ, ಅದಕ್ಕೆ ಪುರಾವೆಯಿತ್ತು. ತೊಂದರೆ ಇದ್ದದ್ದೂ ಅಲ್ಲಿಯೇ. ಸಾಕ್ಷಿಯೊಬ್ಬ ಹಿಂದೆ ಎಷ್ಟು ಸಲ ನಿಜ ಹೇಳಿದ್ದಾನೆಂದು ನಾವು ನೋಡುತ್ತೇವೆಯೇ ಹೊರತು, ಯಾವ ಸಂಗತಿಯ ಬಗ್ಗೆ ಮಾತನಾಡಲು ಅವನು ಶಕ್ತ ಎಂದು ಕೇಳುವುದಿಲ್ಲ.

ಮನೆಯಲ್ಲಿ ಆ ಮೂಗಿಗೆ ಅಷ್ಟು ಮರ್ಯಾದೆ ಇರಲಿಲ್ಲ. "ಇವರು ಬೂಟು ಬಿಚ್ಚೋ ಮೊದ್ಲೇ ಹಾಲು ತಳ ಹಿಡಿದಿದ್ದು ಗೊತ್ತಾಗ್ಬಿಡತ್ತೆ. ಇಂಥ ಮೂಗಿನ ಜೊತೆ ಸಂಸಾರ ಮಾಡೋದು ಅಂದ್ರೆ ಪೊಲೀಸಿನವರನ್ನ ಅಡುಗೆಮನೇಲಿ ಇಟ್ಕೊಂಡ ಹಾಗೆ" ಎಂದು ಅವನ ಹೆಂಡತಿ ಅಕ್ಕಪಕ್ಕದವರ ಮುಂದೆ ಮೂಗು ಮುರಿಯುತ್ತಿದ್ದಳು. ಮುರಿದರೂ ಆ ದೂರಿನೊಳಗೆ ಒಂದು ಸಣ್ಣ ಜಂಬವಿತ್ತು.

ಅವಳ ತಮ್ಮ ಅದೇ ಠಾಣೆಯಲ್ಲಿ ಕೆಲಸಕ್ಕಿದ್ದ. ತಂದೆತಾಯಿ ಬೇಗ ಹೋದದ್ದರಿಂದ ಅಕ್ಕನ ಮನೆಯೇ ಅವನ ಮನೆ. ಭಾವನೇ ಅವನನ್ನು ಓದಿಸಿ, ದೈಹಿಕ ಪರೀಕ್ಷೆಗೆಂದು ಓಡಿಸಿ, ಕೆಲಸಕ್ಕೆ ಸೇರಿಸಿದವನು. ಠಾಣೆಯಲ್ಲಿ ಅವನನ್ನು ಬಾಣ ಎನ್ನುತ್ತಿದ್ದರು. ಗಂಟೆ ಬಾರಿಸಿದ್ದೇ ತಡ, ಒಂದು ತೋಳಿಗೆ ಮಾತ್ರ ಕೋಟು ಸಿಕ್ಕಿರುವಾಗಲೇ ಗಾಡಿಯ ಮೇಲಿರುತ್ತಿದ್ದ. ಬಟ್ಟೆ ಅಂಗಡಿಗೆ ಬೆಂಕಿ ಬಿದ್ದಾಗ ಅಪ್ಪಣೆಗೂ ಕಾಯದೆ ಹೊಗೆಯೊಳಗೆ ನುಗ್ಗಿ, ಹೆಂಗಸೊಬ್ಬಳನ್ನು ಹೆಗಲ ಮೇಲೆ ಹೊತ್ತು ಹೊರಗೆ ತಂದು ಮಲಗಿಸಿದ್ದ. ಹೊಗೆ ಸರಿದ ಮೇಲೆ ನೋಡಿದರೆ ಅದು ಸೀರೆ ಉಡಿಸಿ ನಿಲ್ಲಿಸುವ ಗೊಂಬೆ.

"ನಾಡಿ ನೋಡೋ, ಬಡಕೊಳ್ತಿದೆಯಾ?" ಎಂದು ಡ್ರೈವರ್ ಕೇಳಿದ್ದ.

"ಹುಡುಗಿ ಒಪ್ಪಿದ್ರೆ ಹೇಳ್ಬಿಡು ಬಾಣ, ನಿಮ್ಮಕ್ಕನ ಹತ್ರ ನಾನು ಮಾತಾಡ್ತೀನಿ" ಎಂದಿದ್ದ ಮೂಗಣ್ಣ.

ಬಾಣ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ಆ ಕಥೆಯನ್ನು ಠಾಣೆಯವರು ವರ್ಷಗಟ್ಟಲೆ ಹೇಳಿಕೊಂಡರು. ಹೇಳುವಾಗಲೆಲ್ಲ ಕೊನೆಗೊಂದು ಮಾತು ಸೇರುತ್ತಿತ್ತು: ಇವನು ಬಿಟ್ಟ ಬಾಣ, ಹಿಂದಕ್ಕೆ ಕರೆಯೋಕಾಗಲ್ಲ. ಆಗ ಅದೊಂದು ತಮಾಷೆ. ಮುಂದೆ ಅದೇ ಮಾತು ಇನ್ನೊಂದು ಕೆಲಸಕ್ಕೆ ಬಳಕೆಯಾಯಿತು.

ಹೊಸ ಠಾಣಾಧಿಕಾರಿ ಬಂದ ವರ್ಷ ಠಾಣೆಗೆ ಒಂದು ಹಳದಿ ಪೆಟ್ಟಿಗೆ ಬಂತು. ಅಂಗೈಯಗಲದ್ದು. ಎಲ್ಲರೂ ಅದನ್ನು ಮೀಟರ್ ಎಂದರು. ಉಸಿರಿಗೆ ಬೇಕಾದ ಆಮ್ಲಜನಕ ಗಾಳಿಯಲ್ಲಿ ಎಷ್ಟಿದೆ, ಹೊತ್ತಿಕೊಳ್ಳುವ ಅನಿಲ ಎಷ್ಟಿದೆ, ಕೊಲ್ಲುವ ಅನಿಲ ಎಷ್ಟಿದೆ ಎಂದು ಅದು ಅಂಕಿಗಳಲ್ಲಿ ತೋರಿಸುತ್ತಿತ್ತು. ಅಂಕಿ ಮಿತಿ ಮೀರಿದರೆ ಕಿರುಚಿಕೊಳ್ಳುತ್ತಿತ್ತು. ಅಧಿಕಾರಿ ಎಲ್ಲರನ್ನೂ ಕೂರಿಸಿ ಪಾಠ ಮಾಡಿದರು. ಚರಂಡಿ, ಮುಚ್ಚಿದ ತೊಟ್ಟಿ, ಬಹಳ ದಿನ ತೆರೆಯದ ಬಾವಿ, ಇಂಥ ಕಡೆ ಬೆಂಕಿಯೂ ಇಲ್ಲದೆ ಹೊಗೆಯೂ ಇಲ್ಲದೆ ಗಾಳಿಯೇ ಜೀವ ತೆಗೆಯುತ್ತದೆ ಎಂದರು. ಒಬ್ಬನನ್ನು ಎತ್ತಲು ಇಳಿದವನು ಅವನ ಪಕ್ಕದಲ್ಲೇ ಮಲಗುತ್ತಾನೆ, ಅವನನ್ನು ಎತ್ತಲು ಮತ್ತೊಬ್ಬ ಇಳಿಯುತ್ತಾನೆ ಎಂದರು.

"ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ಇದೆಯಲ್ಲ, ಅದು ಸ್ವಲ್ಪ ಇದ್ದಾಗ ಮೂಗಿಗೆ ಗೊತ್ತಾಗತ್ತೆ. ಜಾಸ್ತಿ ಆದ್ರೆ ಮೂಗನ್ನೇ ಮಲಗಿಸಿಬಿಡತ್ತೆ" ಎಂದು ಅವರು ಹೇಳುತ್ತಿದ್ದಾಗ ಎಲ್ಲರ ಕಣ್ಣೂ ಮೂಗಣ್ಣನತ್ತ ತಿರುಗಿದವು. ಸಿಕ್ಕ ಅವಕಾಶವನ್ನು ಬಿಡುವವನಲ್ಲ ಅವನು.

"ನನ್ನ ಮೂಗು ಮಲಗೋದು ನಾನು ಮಲಗಿದ್ಮೇಲೇ ಸಾರ್. ಅದೂ ಗೊರಕೆ ಹೊಡ್ಕೊಂಡು."

"ನಿಜ ಸಾರ್, ನಮ್ಮಕ್ಕನ್ನ ಕೇಳಿ ಬೇಕಾದ್ರೆ!" ಎಂದು ಬಾಣ ಹಿಂದಿನ ಸಾಲಿನಿಂದ ಕೂಗಿದ.

ಇಡೀ ಕೋಣೆ ನಕ್ಕಿತು. ಅಧಿಕಾರಿಯೂ ನಕ್ಕರು. ನಗುತ್ತಲೇ ಅವರು ತಮ್ಮ ಮಾತಿನ ಉಳಿದ ಭಾಗವನ್ನು ಹೇಳಿ ಮುಗಿಸಿದರು. ಅದು ಯಾರಿಗೂ ಕೇಳಿಸಲಿಲ್ಲ. ವಾಸನೆ ನಿಂತಿತೆಂದರೆ ಗಾಳಿ ತಿಳಿಯಾಯಿತೆಂದು ತಿಳಿಯಬೇಡಿ ಎಂಬುದೇ ಆ ಉಳಿದ ಭಾಗ. ಅಂದು ತಾನು ಬಾಯಿ ಮುಚ್ಚಿಕೊಂಡಿದ್ದರೆ ಎಂದು ಮೂಗಣ್ಣ ಮುಂದೆ ಎಷ್ಟು ಸಲ ಅಂದುಕೊಂಡನೋ ಲೆಕ್ಕವಿಲ್ಲ.

ಮೀಟರನ್ನು ಗಾಡಿಯ ಪಕ್ಕದ ಖಾನೆಯಲ್ಲಿ, ಅದರ ಪೆಟ್ಟಿಗೆಯೊಳಗೇ ಇಟ್ಟರು. ಅದನ್ನು ಚಾರ್ಜ್ ಮಾಡಿಡುವುದು ಡ್ರೈವರನ ಪಾಲಿಗೆ ಬಂತು. ಅವನು ಅದನ್ನು ತಪ್ಪದೆ ಮಾಡುತ್ತಿದ್ದ. ಆ ದಿನವೂ ಅದು ಚಾರ್ಜ್ ಆಗಿತ್ತು.

ಆ ದಿನ ಮಧ್ಯಾಹ್ನ ಅಧಿಕಾರಿ ಇನ್ನೊಂದು ಬೆಂಕಿಗೆ ಹೋಗಿದ್ದರು. ಊರಾಚೆಯ ಚರ್ಮ ಹದಮಾಡುವ ಕಾರ್ಖಾನೆಯಿಂದ ಕರೆ ಬಂತು. ಹೊಲಸು ನೀರು ಸೇರುವ ನೆಲದಡಿಯ ತೊಟ್ಟಿಗೆ, ಕಟ್ಟಿಕೊಂಡಿದ್ದ ಪಂಪಿನ ಬಾಯಿ ಬಿಡಿಸಲು ಇಳಿದಿದ್ದ ಕೆಲಸಗಾರನೊಬ್ಬ ಕುಸಿದು ಬಿದ್ದಿದ್ದ. ಚರ್ಮದ ಕೂದಲು ತೆಗೆಯುವ ಮದ್ದಿನ ನೀರೂ, ಆಮ್ಲ ಹಾಕಿ ತೊಳೆದ ನೀರೂ ಬೇರೆ ಬೇರೆ ಕಾಲುವೆಗಳಲ್ಲಿ ಹೋಗಬೇಕು. ಅಂದು ಎರಡೂ ಒಂದೇ ತೊಟ್ಟಿಗೆ ಸೇರಿದ್ದವು. ಸೇರಿದರೆ ಏನು ಹುಟ್ಟುತ್ತದೆ ಎಂಬುದನ್ನು ಯಾವ ರಸಾಯನಶಾಸ್ತ್ರದ ಪುಸ್ತಕವಾದರೂ ಹೇಳುತ್ತದೆ.

ಮೂಗಣ್ಣನ ತಂಡ ಹೋದಾಗ ತೊಟ್ಟಿಯ ಬಾಯಿಯ ಸುತ್ತ ಜನ ಸೇರಿದ್ದರು. ಬಾಯಿ ಎಂದರೆ ಕಾಂಕ್ರೀಟ್ ಹಾಸಿನಲ್ಲಿ ಒಂದು ಚೌಕದ ತೂತು. ಒಬ್ಬ ಮನುಷ್ಯ ಭುಜ ಓರೆ ಮಾಡಿದರೆ ಇಳಿಯಬಹುದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡರೆ ಇಳಿಯಲಾರ. ಸಿಲಿಂಡರಿನೊಂದಿಗೆ ಇಳಿಯಬೇಕಾದರೆ ಹಾಸನ್ನು ಒಡೆಯಬೇಕು. ಬಿದ್ದವನ ಜೊತೆಗಾರ ಮಂಡಿಯೂರಿ ಕೂತು, "ಈಗಷ್ಟೇ ಕೈ ಆಡಿಸ್ದ ಸಾರ್, ದೇವ್ರಾಣೆ ಆಡಿಸ್ದ" ಎಂದು ಗೋಳಿಡುತ್ತಿದ್ದ.

ಮೂಗಣ್ಣ ಬಗ್ಗಿದ. ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ಹೊಡೆದಂತೆ ಬಂತು. ಕೂಡಲೇ ಹಿಂದೆ ಸರಿದು, "ಯಾರೂ ಇಳೀಬೇಡಿ, ಫ್ಯಾನ್ ತನ್ನಿ" ಎಂದ. ಇಲ್ಲಿಯವರೆಗೆ ಅವನದು ತಪ್ಪಿಲ್ಲ. ದೊಡ್ಡ ಫ್ಯಾನ್ ತಂದು ತೂತಿನೊಳಗೆ ಗಾಳಿ ಹಾಯಿಸಿದರು. ಡ್ರೈವರ್ ಗಾಡಿಯ ಖಾನೆಯತ್ತ ತಿರುಗಿ, "ಮೂಗಣ್ಣ, ಆ ಹಳದಿ ಪೆಟ್ಟಿಗೆ ತರ್ಲಾ?" ಎಂದ. ಮೀಟರ್ ಹಚ್ಚಿದ ಮೇಲೆ ಅದು ಬೆಚ್ಚಗಾಗಿ ಅಂಕಿ ತೋರಿಸಲು ಕೊಂಚ ಹೊತ್ತು ಹಿಡಿಯುತ್ತಿತ್ತು.

"ಅದು ಬಿಸಿಯಾಗೋ ಹೊತ್ತಿಗೆ ಒಳಗಿರೋನು ತಣ್ಣಗಾಗಿರ್ತಾನೆ. ಬಿಡು" ಎಂದ ಮೂಗಣ್ಣ.

ಮಾತು ಚೆನ್ನಾಗಿತ್ತು. ಸುತ್ತ ನಿಂತವರಲ್ಲಿ ಒಂದಿಬ್ಬರು ಆ ಹೊತ್ತಿನಲ್ಲೂ ತಲೆಯಾಡಿಸಿದರು.

ಅವನು ಮತ್ತೆ ತೂತಿನ ಮೇಲೆ ಬಗ್ಗಿದ. ಈ ಸಲ ಹೆಚ್ಚು ಹೊತ್ತು ಬಗ್ಗಿದ, ತಲೆಯನ್ನು ಇನ್ನಷ್ಟು ಒಳಗೆ ಚಾಚಿದ, ತನಗೆ ಒಪ್ಪಿಸಿದ ಕೆಲಸವನ್ನು ನಿಷ್ಠೆಯಿಂದ ಮಾಡುವವನ ಹಾಗೆ. ಮೊದಲೆರಡು ಉಸಿರಿಗೆ ಮೊಟ್ಟೆಯ ವಾಸನೆ ಇತ್ತು. ಆಮೇಲೆ ತೆಳುವಾಯಿತು. ಆಮೇಲೆ ಏನೂ ಇಲ್ಲ. ನೆಲದ ತೇವವಿಲ್ಲ, ಚರ್ಮದ ಗಬ್ಬಿಲ್ಲ, ತನ್ನದೇ ಕೋಟಿನ ಹಳೆಯ ಹೊಗೆಯ ವಾಸನೆಯೂ ಇಲ್ಲ. ಇಷ್ಟು ಸ್ವಚ್ಛವಾದ ಗಾಳಿ ಅಂಥ ಜಾಗದಲ್ಲಿ ಇರಲು ಸಾಧ್ಯವೇ ಎಂದು ಅವನು ಕೇಳಿಕೊಳ್ಳಬೇಕಿತ್ತು. ಇದನ್ನು ಮುಂದೆ ಎಲ್ಲರಿಗಿಂತ ಮೊದಲು ಹೇಳಿದವನೂ ಅವನೇ. ಅಲ್ಲಿ ಏನೂ ಇಲ್ಲದಿದ್ದದ್ದೇ ಸುಳಿವಾಗಿತ್ತು.

ಬಾಣ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಸಿದ್ಧನಾಗಿದ್ದ. ಒಂದು ಕಾಲನ್ನು ಏಣಿಯ ಮೊದಲ ಮೆಟ್ಟಿಲಿಗೆ ಇಳಿಬಿಟ್ಟು, ತಲೆ ತಿರುಗಿಸಿ ಕೇಳಿದ:

"ವಾಸನೆ ಹೋಯ್ತಾ ಭಾವ?"

"ಹೋಯ್ತು, ಇಳಿ."

ಬಾಣ ಇಳಿದ. ಅವನ ತಲೆ ಹಾಸಿನ ಮಟ್ಟದಿಂದ ಕೆಳಗೆ ಹೋದದ್ದನ್ನು ಎಲ್ಲರೂ ನೋಡಿದರು. ನಂತರ ಏಣಿ ಹಿಡಿದ ಅವನ ಕೈಗಳು ತಾವಾಗಿ ಬಿಚ್ಚಿಕೊಂಡವು. ಕೂಗಿಲ್ಲ, ಒದ್ದಾಟವಿಲ್ಲ, ತಂತಿಯಿಂದ ಜಾರಿದ ಅಂಗಿಯ ಹಾಗೆ ಬಿದ್ದ. ಹಗ್ಗ ಎಳೆದರು. ಜೋತುಬಿದ್ದ ದೇಹದ ಭುಜಗಳು ತೂತಿಗೆ ಸಿಕ್ಕಿಕೊಂಡವು. ತಾನೂ ಇಳಿಯಲು ಹೋದ ಮೂಗಣ್ಣನನ್ನು ಡ್ರೈವರ್ ಕೆಡವಿ, ಅವನ ಮೇಲೆ ಕೂತುಬಿಟ್ಟ. ಕೊನೆಗೆ ಹಾಸಿನ ಅಂಚು ಒಡೆದು ಬಾಣನನ್ನು ಮೇಲಕ್ಕೆ ತೆಗೆದಾಗ ಅವನ ಮುಖದ ಬಣ್ಣ ಬೇರೆಯಾಗಿತ್ತು. ಕೆಳಗಿದ್ದ ಕೆಲಸಗಾರ ತೀರಿಹೋಗಿ ಎಷ್ಟೋ ಹೊತ್ತಾಗಿತ್ತು. ಕೈ ಆಡಿದ್ದು ನೀರಿನ ಅಲುಗಾಟಕ್ಕೆ ಇರಬೇಕೆಂದು ಡಾಕ್ಟರು ಆಮೇಲೆ ಹೇಳಿದರು. ಯಾರೋ ಹಳದಿ ಪೆಟ್ಟಿಗೆಯನ್ನು ಹಚ್ಚಿ ತೂತಿನ ಬಳಿ ಇಟ್ಟಿದ್ದರು. ಅದು ಒಂದೇ ಸಮನೆ ಕಿರುಚುತ್ತಿತ್ತು. ಅದನ್ನು ನಿಲ್ಲಿಸಬೇಕೆಂದು ಬಹಳ ಹೊತ್ತು ಯಾರಿಗೂ ತೋಚಲಿಲ್ಲ.

ಬಾಣ ಸಾಯಲಿಲ್ಲ. ಎಲ್ಲರೂ ಅದನ್ನು ಮೊದಮೊದಲು ಪವಾಡ ಎಂದರು. ಆಸ್ಪತ್ರೆಯಿಂದ ಮನೆಗೆ ಬಂದವನಿಗೆ ನಡೆಯಲು ಬರುತ್ತಿತ್ತು, ಊಟ ಮಾಡಲು ಬರುತ್ತಿತ್ತು, ಬೂಟಿನ ದಾರ ಕಟ್ಟಲು ಬರುತ್ತಿತ್ತು. ಆದರೆ ಬೂಟು ಹಾಕಿದ್ದು ಎಲ್ಲಿಗೆ ಹೋಗಲು ಎಂಬುದು ದಾರ ಕಟ್ಟುವುದರೊಳಗೆ ಮರೆತುಹೋಗುತ್ತಿತ್ತು. ನಗು ಉಳಿದಿತ್ತು; ಯಾವುದಕ್ಕೆ ನಗಬೇಕೆಂಬುದು ಉಳಿದಿರಲಿಲ್ಲ. ಮಿದುಳಿಗೆ ಗಾಳಿ ಸಾಲದೆ ಹೋದ ಆ ಹೊತ್ತಿನಲ್ಲಿ ಅವನಿಂದ ಏನೇನು ಕಳೆಯಿತು, ಏನೇನು ಉಳಿಯಿತು ಎಂಬುದಕ್ಕೆ ಯಾವ ಕ್ರಮವೂ ಇರಲಿಲ್ಲ. ಅಕ್ಕನ ಗುರುತಿತ್ತು, ಅಕ್ಕನ ಹೆಸರು ಇರಲಿಲ್ಲ. ಗೊಂಬೆ ಹೊತ್ತು ತಂದ ಕಥೆ ಹೇಳಿದರೆ ಬೇರೆ ಯಾರದೋ ಕಥೆಯೆಂಬಂತೆ ಕೇಳುತ್ತಿದ್ದ.

ಒಂದು ವಾಕ್ಯ ಮಾತ್ರ ಇಡಿಯಾಗಿ ಉಳಿದಿತ್ತು. ಮುಚ್ಚಿದ ಬಾಗಿಲ ಮುಂದೆ, ಬಚ್ಚಲಮನೆಯ ಮುಂದೆ, ಕೆಲವೊಮ್ಮೆ ಬಸ್ಸಿನ ಬಾಗಿಲಲ್ಲಿ, ಒಂದು ಕಾಲು ಮುಂದಿಟ್ಟು ನಿಂತು ಕೇಳುತ್ತಿದ್ದ: "ವಾಸನೆ ಹೋಯ್ತಾ ಭಾವ?"

ಮೊದಲ ಸಲ ಅದನ್ನು ಕೇಳಿದಾಗ ಅವನ ಅಕ್ಕ ಕೈಯಲ್ಲಿದ್ದ ಪಾತ್ರೆಯನ್ನು ನೆಲಕ್ಕಿಟ್ಟು ಹಿತ್ತಲಿಗೆ ಹೋದಳು. ತೊಟ್ಟಿಯ ಬಳಿ ನಡೆದದ್ದು ಅವಳಿಗೆ ಗುಟ್ಟಾಗಿರಲಿಲ್ಲ. ಗಂಡ ಮೊದಲ ದಿನವೇ ಎಲ್ಲವನ್ನೂ ಹೇಳಿದ್ದ, ವಿಚಾರಣೆಯಲ್ಲೂ ಅದನ್ನೇ ಹೇಳಿದ್ದ. ಸುತ್ತ ನಿಂತವರೂ ಕೇಳಿಸಿಕೊಂಡಿದ್ದರು. ಅವಳು ಅವನನ್ನು ಬಯ್ಯಲಿಲ್ಲ. ಬೈದಿದ್ದರೆ ಬಹುಶಃ ಇಬ್ಬರಿಗೂ ಹಗುರವಾಗುತ್ತಿತ್ತು. ಹಿತ್ತಲಿನಿಂದ ಮರಳಿ ಬಂದು, "ಹೋಯ್ತು ಮಗಾ, ಬಾ" ಎಂದು ತಮ್ಮನನ್ನು ಒಳಗೆ ಕರೆದಳು. ಆಮೇಲೆ ಅದೇ ರೂಢಿಯಾಯಿತು. ಮೂಗಣ್ಣನ ಬಾಯಿಂದ ಮಾತ್ರ ಆ ಉತ್ತರ ಬರುತ್ತಿರಲಿಲ್ಲ. ಅವನು ಸುಮ್ಮನೆ ಭಾಮೈದನ ಕೈ ಹಿಡಿದು ಒಳಗೆ ಕರೆದೊಯ್ಯುತ್ತಿದ್ದ. ಮಾತು ಕಮ್ಮಿಯಾದ ಆ ವರ್ಷಗಳಲ್ಲಿ ಠಾಣೆಯ ಯಾರೋ, "ಒಂದು ಕೊಂಬು ಬಿದ್ದುಹೋಯ್ತು ನೋಡಿ, ಮೂಗು ಹೋಗಿ ಮೂಗ ಆಗ್ಬಿಟ್ಟ" ಎಂದಿದ್ದರು. ಅದು ಅವನ ಕಿವಿಗೆ ಬಿತ್ತು. ಹಿಂದಿನ ಕಾಲವಾಗಿದ್ದರೆ ಆ ಮಾತನ್ನು ತಾನೇ ಹೇಳಿಲ್ಲವಲ್ಲ ಎಂದು ಹೊಟ್ಟೆಕಿಚ್ಚು ಪಡುತ್ತಿದ್ದ.

ಅವನ ಮೂಗು ಆ ದಿನದ ನಂತರ ಏಳಲೇ ಇಲ್ಲ. ಕಿವಿ ಮೂಗು ಗಂಟಲಿನ ಡಾಕ್ಟರು ಸಣ್ಣ ಸಣ್ಣ ಸೀಸೆಗಳನ್ನು ಹಿಡಿದು ಪರೀಕ್ಷಿಸಿ, "ನಿಮಗೆ ವಾಸನೆ ಹೋಗಿದೆ. ಬಂದ್ರೂ ಬರಬಹುದು" ಎಂದರು. ಎಷ್ಟೋ ಜನಕ್ಕೆ ಬರುತ್ತದೆ. ಅವನಿಗೆ ಯಾಕೆ ಬರಲಿಲ್ಲ ಎಂಬುದನ್ನು ಅವರು ಖಚಿತವಾಗಿ ಹೇಳಲಾರದೆ ಹೋದರು. ಡಾಕ್ಟರ ಎದುರು ಕೂತಿದ್ದಾಗಲೇ ಮೂಗಣ್ಣನಿಗೆ ಆ ಎರಡು ಪದಗಳ ಇನ್ನೊಂದು ಮುಖ ಕಂಡದ್ದು. ವಾಸನೆ ಹೋಯಿತು ಎಂದರೆ ತೊಟ್ಟಿಯಲ್ಲಿದ್ದದ್ದು ಹೋಯಿತು ಎಂದೂ ಆಗಬಹುದು, ಮೂಗಿನಲ್ಲಿದ್ದದ್ದು ಹೋಯಿತು ಎಂದೂ ಆಗಬಹುದು. ಅಂದು ಅವನು ಆಡಿದ ಮಾತು ನಿಜವೇ ಆಗಿತ್ತು. ಎಲ್ಲಿಂದ ಹೋಯಿತು ಎಂಬುದನ್ನು ಅವನೂ ಹೇಳಲಿಲ್ಲ, ಬಾಣನೂ ಕೇಳಲಿಲ್ಲ.

ವಿಷಾದಕ್ಕೆ ಎಷ್ಟು ಗೋಡೆಗಳಿದ್ದರೂ ಮನುಷ್ಯ ಅದರಲ್ಲೊಂದು ಕಿಟಕಿ ಕೊರೆದುಕೊಳ್ಳುತ್ತಾನೆ. ಆ ಕಿಟಕಿಯನ್ನು ಠಾಣೆಯ ಗೆಳೆಯರೇ ಅವನಿಗೆ ಕೊರೆದುಕೊಟ್ಟರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಡ್ರೈವರ್ ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದ: "ನೀನು ಬೇಡ ಅಂದಿದ್ರೂ ಅವನು ನಿಲ್ತಿರ್ಲಿಲ್ಲ ಮಾರಾಯ. ಅವನು ಯಾವತ್ತು ಯಾರ ಮಾತಿಗೆ ನಿಂತಿದ್ದ? ಗೊಂಬೆ ಹೊತ್ಕೊಂಡು ಬಂದಿದ್ದು ನೆನಪಿಲ್ವಾ?" ಉಳಿದವರೂ ಅದನ್ನೇ ಹೇಳಿದರು. ವಿಚಾರಣೆಗೆ ಬಂದ ಅಧಿಕಾರಿಯೂ, ಬಾಣನ ಸ್ವಭಾವವನ್ನು ಕೇಳಿ ತಿಳಿದು, ಅಂಥದೇ ಅರ್ಥ ಬರುವಂತೆ ಮಾತನಾಡಿದರು. ಹೆಂಡತಿಯೂ ಒಮ್ಮೆ, ತಮ್ಮನ ತಲೆ ಬಾಚುತ್ತ, ಯಾರನ್ನೂ ನೋಡದೆ, "ಇವನೆಲ್ಲಿ ನಿಲ್ತಿದ್ದ ಬಿಡಿ" ಎಂದಿದ್ದಳು.

ಮೂಗಣ್ಣ ಆ ಮಾತನ್ನು ಹಿಡಿದುಕೊಂಡ. ತನ್ನ ತಪ್ಪನ್ನು ಅವನು ಎಂದೂ ಅಲ್ಲಗಳೆಯಲಿಲ್ಲ. ತಾನು ತಪ್ಪು ಹೇಳಿದೆ ಎಂದು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದ. ಆದರೆ ಸರಿಯಾಗಿ ಹೇಳಿದ್ದರೂ ಆಗುವುದು ಆಗಿಯೇ ಆಗುತ್ತಿತ್ತು ಎಂಬುದೊಂದಿದ್ದರೆ ಆ ತಪ್ಪಿನ ಜೊತೆ ಒಂದೇ ಮನೆಯಲ್ಲಿ ಬಾಳಬಹುದು. ಬಾಣ ಬಿಟ್ಟ ಬಾಣ, ನಿಲ್ಲುತ್ತಿರಲಿಲ್ಲ. ವರ್ಷಗಳು ಆ ಒಂದು ವಾಕ್ಯದ ಆಸರೆಯಲ್ಲಿ ಕಳೆದವು.

ಅವನನ್ನು ತರಬೇತಿಗೆ ಹಾಕಿದರು. ಹಳದಿ ಪೆಟ್ಟಿಗೆ ಅವನ ವಶಕ್ಕೆ ಬಂತು. ಅದನ್ನು ಹಗ್ಗಕ್ಕೆ ಕಟ್ಟಿ ತೊಟ್ಟಿಯ ಬಾಯಿ, ನಡು, ತಳ ಎಂದು ಇಳಿಬಿಟ್ಟು, ಪ್ರತಿ ಮಟ್ಟದಲ್ಲೂ ಕಾದು, ಅಂಕಿ ಓದುವುದನ್ನು ಹೇಳಿಕೊಟ್ಟ. ಒಂದೊಂದು ಅನಿಲ ಒಂದೊಂದು ಮಟ್ಟದಲ್ಲಿ ಕೂತಿರುತ್ತದೆ. ತುಕ್ಕು ಹಿಡಿದ ಖಾಲಿ ಟ್ಯಾಂಕಿನಲ್ಲಿ ವಿಷವೇನೂ ಇಲ್ಲದೆ, ಆಮ್ಲಜನಕವೆಲ್ಲ ಕಬ್ಬಿಣಕ್ಕೆ ತುಕ್ಕಾಗಿ ಖರ್ಚಾಗಿ, ಬರಿಯ ಹುಸಿಗಾಳಿ ಉಳಿದಿರಬಹುದು. ಮುಚ್ಚಿದ ಕೋಣೆಯ ಕೆಂಡದಿಂದ ಬರುವ ಅನಿಲಕ್ಕೆ ವಾಸನೆಯೇ ಇಲ್ಲ. "ಮೂಗು ವಾಸನೆ ಇದೆ ಅಂದ್ರೆ ನಂಬಿ. ಇಲ್ಲ ಅನ್ನೋ ಅಧಿಕಾರ ಅದಕ್ಕಿಲ್ಲ" ಎನ್ನುತ್ತಿದ್ದ. ಹೊಸಬರು ಬರೆದುಕೊಳ್ಳುತ್ತಿದ್ದರು. ಇಂಥ ಪಾಠ ಹೇಳುವವನ ಹೆಸರು ಮೂಗಣ್ಣ ಎಂಬುದಕ್ಕೆ ಕೆಲವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಅವನು ಅದನ್ನು ಕಂಡೂ ಕಾಣದಂತೆ ಇರುತ್ತಿದ್ದ.

ಮನೆಯಲ್ಲಿ ಈಗ ಹೆಂಡತಿಯೇ ಅವನ ಮೂಗು. ಹಾಲು ಕೆಟ್ಟಿದೆಯೋ, ಅಂಗಿ ಒಗೆಯಬೇಕೋ ಎಂದು ಅವಳಿಗೆ ಮೂಸಲು ಕೊಡುತ್ತಿದ್ದ. "ಪೊಲೀಸಿನವರು ರಿಟೈರ್ ಆದ್ರು" ಎಂದು ಅವಳು ಒಮ್ಮೆ ನಗಲು ನೋಡಿದ್ದಳು.

ಒಂದು ಸಂಜೆ ಅವಳು ಹಲ್ಲಿನ ಡಾಕ್ಟರ ಬಳಿ ಹೋಗಿದ್ದಳು. ಮೂಗಣ್ಣ ಒಲೆಯ ಮೇಲೆ ಹಾಲಿಟ್ಟು, ಉರಿ ಸಣ್ಣ ಮಾಡಿ, ಬಾಣನನ್ನು ಕರೆತರಲು ಹಿತ್ತಲ ಆಚೆಯ ಓಣಿಗೆ ಹೋದ. ಬಾಣ ಅಲ್ಲಿ ಕಟ್ಟೆಯ ಮೇಲೆ ಕೂತು ಹೋಗಿಬರುವವರಿಗೆಲ್ಲ ಕೈಬೀಸುತ್ತಿರುತ್ತಿದ್ದ. ಪಕ್ಕದ ಮನೆಯ ಅಜ್ಜ ಮಾತಿಗೆಳೆದರು. ಅವರ ಮಂಡಿನೋವಿನ ಕಥೆಗೆ ಕೊನೆಯೆಂಬುದಿಲ್ಲ. ಬಾಣನ ಕೈ ಹಿಡಿದು ಹಿತ್ತಲ ಬಾಗಿಲಿಗೆ ಬರುವಷ್ಟರಲ್ಲಿ ಹಾಲು ಉಕ್ಕಿ ಹರಿದಿತ್ತು.

ಬಾಣ ಮುಂದಿದ್ದ. ಅಡುಗೆಮನೆಯ ಹೊಸ್ತಿಲಿನ ಒಳಗೆ ಒಂದು ಕಾಲಿಟ್ಟು, ತಲೆ ತಿರುಗಿಸಿ, ಎಂದಿನಂತೆ ಕೇಳಿದ:

"ವಾಸನೆ ಹೋಯ್ತಾ ಭಾವ?"

ಮೂಗಣ್ಣ ಅವನ ಭುಜದಾಚೆಗೆ ನೋಡಿದ. ಒಲೆಯ ಮೇಲೆಲ್ಲ ಹಾಲಿನ ಕೆನೆ. ಒಲೆಯ ತಿರುಪು ತೆರೆದೇ ಇತ್ತು. ಉರಿ ಇರಲಿಲ್ಲ. ಎಷ್ಟು ಹೊತ್ತಿನಿಂದ ಇರಲಿಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ. ಗಾಳಿ ಅವನ ಪಾಲಿಗೆ ಗಾಜಿನಷ್ಟು ಸ್ವಚ್ಛವಾಗಿತ್ತು.

"ಗೊತ್ತಿಲ್ಲ ಕಣೋ" ಎಂದ ಮೂಗಣ್ಣ. "ನಿಲ್ಲು."

ಬಾಣ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಅವನನ್ನು ಹಿತ್ತಲಿನ ನಡುವಿಗೆ ಸರಿಸಿ ನಿಲ್ಲಿಸಿ, ಮೂಗಣ್ಣ ಉಸಿರು ಬಿಗಿಹಿಡಿದು ಒಳಗೆ ಹೋಗಿ ತಿರುಪು ಮುಚ್ಚಿದ, ಸಿಲಿಂಡರ್ ಮುಚ್ಚಿದ, ದೀಪದ ಸ್ವಿಚ್ಚನ್ನು ಮುಟ್ಟದೆ ಕಿಟಕಿಗಳನ್ನೆಲ್ಲ ತೆರೆಯುತ್ತ ಮುಂಬಾಗಿಲ ಮೂಲಕ ಬೀದಿಗೆ ಬಂದ. ಇನ್ನು ಗಾಳಿ ತಿಳಿಯಾಗುವವರೆಗೆ ಕಾಯಬೇಕು. ತಿಳಿಯಾಯಿತೆಂದು ಹೇಳಲು ಹೆಂಡತಿ ಬರಬೇಕು. ಅವನು ಮುಂದಿನ ಮೆಟ್ಟಿಲ ಮೇಲೆ ಕೂತ. ಗೊತ್ತಿಲ್ಲ ಎಂಬ ಪದ ಬಾಯಿಂದ ಎಷ್ಟು ಸಲೀಸಾಗಿ ಬಂತೆಂಬುದನ್ನೇ ಯೋಚಿಸುತ್ತಿದ್ದ. ಅಷ್ಟು ಚಿಕ್ಕ ಪದ. ಅದನ್ನು ಹೇಳಲು ಮೀಟರೂ ಬೇಕಿರಲಿಲ್ಲ.

ಅವಳು ಬಂದಾಗ ಬೀದಿಯ ದೀಪಗಳು ಹೊತ್ತಿಕೊಳ್ಳುತ್ತಿದ್ದವು. ಗಂಡನ ಮುಖ ನೋಡಿದವಳೇ ಚೀಲ ಕೆಳಗಿಟ್ಟು, ಅವನು ಹೇಳಿದ್ದನ್ನೆಲ್ಲ ಕೇಳಿ, ಒಳಹೊಕ್ಕು, ಕೋಣೆಯಿಂದ ಕೋಣೆಗೆ ನಿಧಾನವಾಗಿ ಮೂಸುತ್ತ ಹೋದಳು.

"ಏನೂ ಇಲ್ಲ ರೀ, ಬನ್ನಿ" ಎಂದಳು ಅಡುಗೆಮನೆಯಿಂದ. ಆಮೇಲೆ, "ಬಾಣ ಎಲ್ಲಿ?" ಎಂದಳು.

ಮೂಗಣ್ಣ ಓಡಿಬಂದ.

ಹಿತ್ತಲಿನ ನಡುವೆ, ನಿಲ್ಲಿಸಿದ ಜಾಗದಲ್ಲೇ, ಬಾಣ ನಿಂತಿದ್ದ. ತೋಳಿನ ಮೇಲೆ ಸೊಳ್ಳೆಗಳು ಕೂತಿದ್ದವು, ಅವನ್ನೂ ಹೊಡೆದುಕೊಂಡಿರಲಿಲ್ಲ.

"ಯಾಕೋ ಮಗಾ ಇಲ್ಲೇ ನಿಂತಿದೀಯ? ಇಷ್ಟೊತ್ತು!" ಎಂದಳು ಅಕ್ಕ.

"ಭಾವ ನಿಲ್ಲು ಅಂದ್ರಲ್ಲ."

ಅವಳು ಗಂಡನತ್ತ ತಿರುಗಿದಳು. ಇವನೆಲ್ಲಿ ನಿಲ್ತಿದ್ದ ಎಂದು ತಮ್ಮನ ತಲೆ ಬಾಚುತ್ತ ತಾನೇ ಆಡಿದ್ದ ಮಾತು ಅವಳಿಗೂ ನೆನಪಿದ್ದಿರಬೇಕು.

ಇದು ಏನನ್ನೂ ಸಾಬೀತುಪಡಿಸುವುದಿಲ್ಲ ಎಂದು ಯಾರಾದರೂ ವಾದಿಸಬಹುದು; ವಾದ ಸರಿಯಾಗಿಯೂ ಇದೆ. ಹಿತ್ತಲಿನಲ್ಲಿ ನಿಂತಿದ್ದವನು ಆ ಮಧ್ಯಾಹ್ನದ ಬಾಣನಲ್ಲ. ಬೇರೆಯಾದ ಮಿದುಳು ಇಂದು ತೋರಿದ ವಿಧೇಯತೆಯಿಂದ ಆ ಬಿಸಿರಕ್ತದ ಯುವಕ ಅಂದು ಏನು ಮಾಡುತ್ತಿದ್ದನೆಂದು ಹೇಳಲಾಗದು. ಆದರೆ ಮೂಗಣ್ಣ ಇಂದಿನ ಬಾಣನನ್ನು ನೋಡುತ್ತಿರಲಿಲ್ಲ. ಏಣಿಯ ಮೊದಲ ಮೆಟ್ಟಿಲಿಗೆ ಒಂದು ಕಾಲು ಇಳಿಬಿಟ್ಟು, ತಲೆ ತಿರುಗಿಸಿದ್ದ ಅಂದಿನ ಬಾಣನನ್ನು ನೋಡುತ್ತಿದ್ದ. ಬಟ್ಟೆ ಅಂಗಡಿಯ ಮುಂದೆ ಅವನು ಯಾರನ್ನೂ ಏನನ್ನೂ ಕೇಳಿರಲಿಲ್ಲ. ತೊಟ್ಟಿಯ ಮುಂದೆ ಕೇಳಿದ್ದ. ನಿಲ್ಲುವ ಮನಸ್ಸೇ ಇಲ್ಲದವನು ಕೇಳುವುದೇಕೆ? ಕೇಳಿದ್ದೇ ಅವನು ನಿಂತದ್ದು. ಅವನು ಬಿಟ್ಟ ಬಾಣ ಎಂದು ಎಲ್ಲರೂ ಅಂದರು. ಬಿಟ್ಟವರು ಯಾರು ಎಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಮೂಗಣ್ಣನೂ.

"ವಾಸನೆ ಹೋಗಿದೆ ಮಗಾ, ಬಾ" ಎಂದಳು ಅಕ್ಕ.

ದಿನವೂ ಅವಳ ಮಾತಿಗೆ ಒಳಗೆ ಬರುತ್ತಿದ್ದವನು ಈ ದಿನ ಬರಲಿಲ್ಲ. ಅವಳನ್ನೊಮ್ಮೆ ನೋಡಿ, ಮತ್ತೆ ಭಾವನ ಮುಖ ನೋಡಿದ. ನಿಲ್ಲು ಎಂದವನೇ ಬಾ ಎನ್ನಬೇಕಿತ್ತು.

ಹೋಯ್ತು ಎಂದು ಮೂಗಣ್ಣ ಹೇಳಲಿಲ್ಲ. ಅವನು ಹೊಸ್ತಿಲು ದಾಟಿ ಹಿತ್ತಲಿಗೆ ಹೋದ. ಬಾಣನ ತೋಳಿನ ಮೇಲಿನ ಸೊಳ್ಳೆಗಳನ್ನು ಕೈಯಿಂದ ಸರಿಸಿ ಅವನ ಪಕ್ಕದಲ್ಲಿ ನಿಂತ.

"ಇನ್ನೊಂದಿಷ್ಟು ಹೊತ್ತು ಇಲ್ಲೇ ಇರೋಣ ಕಣೋ" ಎಂದ.

"ಆಗ್ಲಿ ಭಾವ" ಎಂದ ಬಾಣ.